ದೊರೆಯ ವೇಗ, ಗ್ಯಾರಡ್‌ನ ಲೈಸೆನ್ಸು

ಮೋಟಾರು ಓಡಿಸಿದ್ದು ಲಾರ್ಡ್ ವಿಂಥೋರ್ಪ್. ಕೋರ್ಟಿನಲ್ಲಿ ಕೈಕಟ್ಟಿ ನಿಂತದ್ದು ಗ್ಯಾರಡ್. ಮೋಟಾರು ಹೊಸದಾಗಿ ಬಂದಿದ್ದ ಆ ಕಾಲದ ಇಂಗ್ಲಿಷ್ ದೊಡ್ಡ ಮನೆಗಳಲ್ಲಿ ಇದೊಂದು ರೂಢಿಯೇ ಆಗಿಹೋಗಿತ್ತು. ದೊರೆ ಮನಸೋ ಇಚ್ಛೆ ಓಡಿಸುವುದು, ವೇಗ ಅಳೆಯಲು ಬೇಲಿಯ ಹಿಂದೆ ಗಡಿಯಾರ ಹಿಡಿದು ಅವಿತ ಪೇದೆ ನಂಬರು ಬರೆದುಕೊಳ್ಳುವುದು, ಆಮೇಲೆ ಪಕ್ಕದಲ್ಲಿ ಕೂತಿದ್ದ ಆಳು ತಪ್ಪು ತನ್ನದೆನ್ನುವುದು. ಇಬ್ಬರಿಗೂ ಉದ್ದ ಕೋಟು, ಅರ್ಧ ಮುಖ ಮುಚ್ಚುವ ಕನ್ನಡಕ, ಮೈತುಂಬ ಧೂಳು. ಗುರುತು ಹಿಡಿಯುವವರು ಯಾರು?

ಗ್ಯಾರಡ್ ಎರಡು ಸಲ ಹೀಗೆ ತಲೆಕೊಟ್ಟಿದ್ದ. ಮೂರನೆಯ ಸಲಕ್ಕೆ ಲೈಸೆನ್ಸೇ ಹೋಗುತ್ತದೆ. ಇಪ್ಪತ್ತೆರಡು ವರ್ಷ ಸಾರೋಟು ಓಡಿಸಿದವನು, ದೊರೆ ಕುದುರೆಗಳನ್ನು ಮಾರಿದ ಮೇಲೆ, ನಲವತ್ತೆಂಟರ ವಯಸ್ಸಿನಲ್ಲಿ ಮೋಟಾರು ಕಲಿತಿದ್ದ. ಈಗ ಅವನ ಕೆಲಸ, ದೊರೆ ಇರಲು ಕೊಟ್ಟ ಮನೆ ಎಲ್ಲವೂ ಆ ಕಾಗದದ ಮೇಲೆ ನಿಂತಿದ್ದವು.

"ದೊರೆಗಳೇ, ಈ ಸಲ ಲೈಸೆನ್ಸ್ ಕಿತ್ಕೋತಾರೆ," ಎಂದು ಕೋರ್ಟಿಗೆ ಹೋಗುವ ಹಿಂದಿನ ದಿನವೇ ಹೇಳಿದ್ದ.

"ಹೆದರ್ಕೋಬೇಡ ಕಣಯ್ಯ. ನಾನೇ ಬಂದು ಸಾಕ್ಷಿ ಹೇಳ್ತೀನಿ."

ಅಷ್ಟಕ್ಕೇ ಗ್ಯಾರಡ್‌ನ ಎದೆ ಹಗುರಾಯಿತು. ಹೆಂಡತಿ ಮರ್ಸಿಗೆ, "ದೊರೆ ಒಪ್ಕೋತಾರೆ ಕಣೆ," ಎಂದ.

"ಒಪ್ಕೋತಾರೆ, ಒಪ್ಕೋತಾರೆ. ಗೇಟಿಗೆ ಗುದ್ದಿದ ದಿನ ಗೇಟಿಂದೇ ತಪ್ಪು ಅಂದೋರಲ್ವಾ?"

ದೊರೆ ಮಾತಿನಂತೆ ಬಂದರು. ಬೈಬಲ್ಲಿಗೆ ಮುತ್ತಿಟ್ಟರು. "ಗ್ಯಾರಡ್ ಓಡಿಸ್ತಿದ್ದ. ನಿಧಾನ ಹೋಗು ಅಂತ ಎರಡು ಸಲ ಹೇಳ್ದೆ, ಕೇಳ್ಲಿಲ್ಲ. ಆದ್ರೂ ಒಳ್ಳೆ ಮನುಷ್ಯ, ಸ್ವಲ್ಪ ದಯೆ ತೋರಿಸಿ," ಎಂದರು.

ಗ್ಯಾರಡ್ ದೊರೆಯತ್ತ ತಿರುಗಿ ನೋಡಿದ. ತಾನೂ ಸುಳ್ಳು ಹೇಳಿದವನೇ, ನಿಜ. ಆದರೆ ಪ್ರತಿ ಭಾನುವಾರ ಚರ್ಚಿನ ಮೊದಲ ಸಾಲಿನಲ್ಲಿ ಕೂರುವ ಮನುಷ್ಯ ಬೈಬಲ್ ಮುಟ್ಟಿ, ಕಣ್ಣು ಮಿಟುಕಿಸದೆ ಹೀಗೆ ಹೇಳಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಹೌದೇನಯ್ಯ?" ಎಂದು ಮ್ಯಾಜಿಸ್ಟ್ರೇಟ್ ಕೇಳಿದರು.

"ಹೌದು ಸ್ವಾಮಿ," ಎಂದಿತು ಗ್ಯಾರಡ್‌ನ ಬಾಯಿ. ಅದನ್ನು ಕೇಳಿ ಅವನೇ ದಂಗಾದ. ಒಂದು ವರ್ಷದ ಮಟ್ಟಿಗೆ ಲೈಸೆನ್ಸು ಹೋಯಿತು.

ಹೊರಗೆ ದೊರೆ ಅವನ ಬೆನ್ನು ತಟ್ಟಿದರು. "ಚೆನ್ನಾಗಿ ನಿಭಾಯಿಸ್ದೆ ಕಣಯ್ಯ. ದಂಡ ನಾನು ಕಟ್ಟಿದೀನಿ. ಸೋಮವಾರದೊಳಗೆ ಮನೆ ಖಾಲಿ ಮಾಡ್ಬಿಡು, ಲಂಡನ್‌ನಿಂದ ಹೊಸಬ ಬರ್ತಿದಾನೆ."

"ದೊರೆಗಳೇ, ಲಾಯದಲ್ಲಾದ್ರೂ ಏನಾದ್ರೂ ಕೆಲಸ..."

"ಲಾಯದಲ್ಲಿ ಕುದುರೆ ಎಲ್ಲಿವೆಯಪ್ಪ? ಲೈಸೆನ್ಸ್ ಇಲ್ಲದೋನ ಕೈಗೆ ಮೋಟಾರು ಕೊಟ್ರೆ ಕಾನೂನು ಮುರಿದಂಗಾಗುತ್ತೆ. ಅದು ನನ್ನಂಥವನಿಗೆ ಶೋಭೆಯಲ್ಲ."

ಅವರು ಕನ್ನಡಕ ಹಾಕಿಕೊಂಡು ಚಾಲಕನ ಸೀಟಿನಲ್ಲಿ ಕೂತರು. "ಹೋಗೋ ಮುಂಚೆ ಹ್ಯಾಂಡಲ್ ಒಂದ್ಸಲ ತಿರುಗಿಸ್ಬಿಡು, ಗ್ಯಾರಡ್."

ಗ್ಯಾರಡ್ ಮೋಟಾರಿನ ಮುಂದೆ ಬಗ್ಗಿ ತಿರುಗಿಸಿದ. ಮೊದಲ ಸುತ್ತಿಗೇ ಎಂಜಿನ್ ಶುರುವಾಯಿತು.