ಅಪ್ಪ ಇರುವಾಗ ಹೋದ ಮೀಸೆ

ಸಿದ್ದೇಶನಿಗೆ ಕ್ಷೌರದ ಕತ್ತಿಯ ಹುಚ್ಚು ಹತ್ತಿಸಿದ್ದು ಅವನ ಕುತ್ತಿಗೆಯ ಮೇಲಿನ ಗುಳ್ಳೆಗಳು. ಮದ್ದೂರಿನ ಅಂಗಡಿಗಳಲ್ಲಿ ಸಿಗುವ ಎಲ್ಲ ನಮೂನೆಯ ರೇಜರೂ ತಂದು ಕೆರೆದುಕೊಂಡಿದ್ದಾಯಿತು. ಗಡ್ಡ ಹೋದ ಜಾಗದಲ್ಲೆಲ್ಲ ಕೆಂಪಗೆ ಎದ್ದು ಉರಿಯುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಫೋನಿನ ವೀಡಿಯೊದಲ್ಲಿ ಯಾವನೋ ಪುಣ್ಯಾತ್ಮ, ಹಳೇ ಕಾಲದ ಮಡಚುವ ಕತ್ತಿಯೇ ಇದಕ್ಕೆ ಮದ್ದು, ಒಂದೇ ಅಲಗು, ಚರ್ಮಕ್ಕೆ ಗೊತ್ತೇ ಆಗುವುದಿಲ್ಲ ಎಂದ. ಹೇಳುವವನ ಗಂಟೇನು ಹೋಗಬೇಕು, ಕೆನ್ನೆ ಅವನದಲ್ಲವಲ್ಲ! ಸಿದ್ದೇಶ ಕತ್ತಿ ತರಿಸಿದ, ಅದನ್ನು ಮಸೆಯಲು ಚರ್ಮದ ಪಟ್ಟಿ ತರಿಸಿದ, ನೊರೆ ಕಲೆಸಲು ಬ್ರಷ್ಷು, ಬಟ್ಟಲು ಎಲ್ಲ ತರಿಸಿದ. ಹೆಂಡತಿ ರಂಜಿತ ಕತ್ತಿಯನ್ನು ಒಮ್ಮೆ ನೋಡಿ, ಗಂಡನ ಮುಖವನ್ನು ಒಮ್ಮೆ ನೋಡಿ, “ಟವಲ್ಲು ಕೆಂಪು ಬಣ್ಣದ್ದೇ ತಕಳಿ, ಒಗೆಯೋಳು ನಾನು” ಎಂದು ಒಳಗೆ ಹೋದಳು.

ಧೈರ್ಯವಂತನಾಗಿದ್ದರೆ ಮಾತು ಬೇರೆ. ಸಿದ್ದೇಶನೋ ಹಾಲಿನ ಸೊಸೈಟಿಯ ಗುಮಾಸ್ತ, ಇಂಜೆಕ್ಷನ್ ಎಂದರೆ ಕಣ್ಣು ಮುಚ್ಚುವ ಆಸಾಮಿ. ಮೊದಲ ಬೆಳಿಗ್ಗೆ ಕತ್ತಿ ಬಿಚ್ಚಿ, ಕನ್ನಡಿ ನೋಡಿ, ಮತ್ತೆ ಮಡಚಿಟ್ಟು ಗಡ್ಡದಲ್ಲೇ ಆಫೀಸಿಗೆ ಹೋದ. ಆಮೇಲೆ ಒಂದು ಕೆನ್ನೆ ಮಾತ್ರ. ಎಡಗೈಯಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಅಲಗನ್ನು ಕೆನ್ನೆಗೆ ಹೆಚ್ಚುಕಮ್ಮಿ ಮಲಗಿಸಬೇಕು, ಕೂದಲು ವಾಲಿದ ಕಡೆಗೇ ಎಳೆಯಬೇಕು, ಒತ್ತಬಾರದು, ಅಡ್ಡ ಜರುಗಿಸಲಂತೂ ಕೂಡದು. ಎಳೆದಾಗ ಕರಕರ ಎಂಬ ಸದ್ದು ಕಿವಿಯೊಳಗೇ ಕೇಳುತ್ತಿತ್ತು. ಹಾಗೂ ಹೀಗೂ ಕೆನ್ನೆ ಪಳಗಿತು, ಗುಳ್ಳೆಯೂ ತಗ್ಗಿತು. ಮೇಲ್ದುಟಿಯ ತಂಟೆಗೆ ಮಾತ್ರ ಹೊಸಬರು ಹೋಗಬೇಡಿ ಎಂದು ಆ ವೀಡಿಯೊದವನೂ ಕೈಮುಗಿದು ಹೇಳಿದ್ದ.

ಇದರ ನಡುವೆ ಅಪ್ಪನ ಆಪರೇಷನ್ ಬಂತು. ಪೂರಿಗಾಲಿಯ ಕೆಂಪಸಿದ್ದಯ್ಯ ಹರ್ನಿಯಾದ ಗಂಟನ್ನು ಎಷ್ಟೋ ವರ್ಷ ಪಂಚೆಯೊಳಗೇ ಬಚ್ಚಿಟ್ಟುಕೊಂಡು ಗದ್ದೆ ಗೆಯ್ದ ಮನುಷ್ಯ. ನೋವು ತಡೆಯಲಾಗದೆ ಮಂಡ್ಯಕ್ಕೆ ಬಂದಾಗ ಡಾಕ್ಟರು, ಕರುಳು ಅದರಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ, ಇನ್ನು ತಡ ಮಾಡುವ ಹಾಗಿಲ್ಲ ಎಂದಿದ್ದರು. ಆದರೆ ಕೆಂಪಸಿದ್ದಯ್ಯನಿಗೆ ಹೊಟ್ಟೆ ಕುಯ್ಯುತ್ತಾರೆ ಎಂಬುದೊಂದೇ ಕಿವಿಗೆ ಬಿದ್ದಿದ್ದು. ಒಮ್ಮೆ ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಸೀನಿದರೆಂದು ವಾಪಸು ಹೋದ. ಇನ್ನೊಮ್ಮೆ ಹಲ್ಲಿ ಲೊಚಗುಟ್ಟಿತೆಂದು ಬಟ್ಟೆ ಗಂಟು ಕಟ್ಟಿದ. ಈ ಸಲ ಹೆಂಡತಿ ಪಟ್ಟಲಮ್ಮ ಅತ್ತು ಕರೆದು ಮಾಡಿ ಅಡ್ಮಿಟ್ ಮಾಡಿಸಿದ್ದಳು. ನಾಳೆ ಬೆಳಿಗ್ಗೆ ಆಪರೇಷನ್. ಅಲ್ಲಿಯವರೆಗೆ ಮುದುಕನ ಕಣ್ಣಿಗೆ ಒಂದೇ ಒಂದು ಅಪಶಕುನವೂ ಬೀಳದಿದ್ದರೆ ಸಾಕಪ್ಪ ದೇವರೇ ಎಂದು ಸಿದ್ದೇಶ ರಜ ಹಾಕಿ ಮಂಡ್ಯಕ್ಕೆ ಹೊರಡಲು ಸಿದ್ಧನಾದ.

ಹೊರಡುವವನು ಸುಮ್ಮನೆ ಹೊರಡಬಾರದೇ? ಆಸ್ಪತ್ರೆಗೆ ಹೋಗುವುದು, ನೆಂಟರಿಷ್ಟರು ಬರುತ್ತಾರೆ, ಮೀಸೆಯ ಕೆಳಗಿನ ಅಂಚು ಸ್ವಲ್ಪ ಸಮ ಮಾಡಿಬಿಡೋಣ ಎಂದು ಕತ್ತಿ ಎತ್ತಿದ. ತುಟಿಯನ್ನು ಹಲ್ಲಿನ ಮೇಲೆ ಬಿಗಿದು ಅಲಗು ಇಟ್ಟಿದ್ದಾನೆ, ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ‘ಅವ್ವ’. ಅಪ್ಪನಿಗೇನಾಯಿತೋ ಎಂದು ಎದೆ ಧಸಕ್ಕೆಂದಿತು, ಕೈ ಅಡ್ಡ ಜರುಗಿತು.

“ಬರೋವಾಗ ಬಿಸಿನೀರಿನ ಫ್ಲಾಸ್ಕು ತಕಬಾ ಕಣಪ್ಪ” ಎಂದಳು ಪಟ್ಟಲಮ್ಮ, ಅಷ್ಟೇ.

ಕನ್ನಡಿ ನೋಡಿದರೆ ಎಡಗಡೆಯ ಮೀಸೆ ಅರ್ಧ ಇಲ್ಲ. ಗಾಯ ಸಣ್ಣದು, ಅದರ ಚಿಂತೆಯಲ್ಲ. ಬಲಗಡೆಯದನ್ನು ಸಮ ಮಾಡಲು ಹೋದ, ಅದು ಎಡಗಡೆಗಿಂತ ಸಣ್ಣದಾಯಿತು. ಎಡಗಡೆಯದನ್ನು ಮತ್ತೆ ತೆಗೆದ. ಆ ಕಡೆ ಈ ಕಡೆ ತೂಗಿಸುತ್ತಾ ಕೊನೆಗೆ ಮೂಗಿನ ಕೆಳಗೆ ಒಂದು ಕರಿ ಚುಕ್ಕೆಯಷ್ಟೇ ಉಳಿಯಿತು. ಅದನ್ನಿಟ್ಟುಕೊಂಡು ಬೀದಿಗಿಳಿಯುವುದುಂಟೇ? ಅದೂ ಹೋಯಿತು.

ಟವಲ್ಲು ಕೊಡಲು ಬಂದ ರಂಜಿತ ಬಾಗಿಲಲ್ಲೇ ನಿಂತುಬಿಟ್ಟಳು. “ಅಯ್ಯಯ್ಯೋ! ಮಾವ ಇನ್ನೂ ಬದುಕವ್ರಲ್ರೀ!”

ಅದೇ ಅಲ್ಲವೇ ಈಗಿನ ಸಂಕಟ. ಅವರ ಕಡೆ ಅಪ್ಪ ಇರುವಾಗ ಮಗ ಮೀಸೆ ತೆಗೆಯುವ ಹಾಗಿಲ್ಲ. ಅಪ್ಪ ಸತ್ತ ಮೇಲೆ ಕರ್ಮ ಮಾಡುವಾಗಲೇ ಅದು ಹೋಗುವುದು. ಮಗನ ಮೇಲ್ದುಟಿ ಬೋಳಾಗಿ ಕಂಡರೆ ಅಪ್ಪ ಹೋದ ಎಂದೇ ಲೆಕ್ಕ, ಯಾರೂ ಬಾಯಿಬಿಟ್ಟು ಕೇಳುವುದೂ ಇಲ್ಲ. ಸೀನಿಗೇ ಓಡಿಹೋಗುವ ಅಪ್ಪನ ಎದುರು ಈ ಮುಖ ಹೊತ್ತು ನಿಂತರೆ ಆಪರೇಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಕರುಳು ಸಿಕ್ಕಿಕೊಂಡು ಅಪ್ಪ ನಿಜವಾಗಿಯೂ ಹೋದರೆ? ಸಿದ್ದೇಶನಿಗೆ ಬೆವರು ಕಿತ್ತುಬಂತು. ನಾನೇ ಕೈಯಾರ ಅಪ್ಪನನ್ನು ಕೊಂದ ಹಾಗಾಗುತ್ತದೆ ಎಂದು ಬಚ್ಚಲಲ್ಲೇ ಕುಕ್ಕರಿಸಿ ಕೂತ.

“ಕೂತ್ರೆ ಬೆಳೆಯಲ್ಲ ಅದು” ಎಂದ ರಂಜಿತ ಮಾಸ್ಕ್ ಒಂದನ್ನು ಹುಡುಕಿ ತಂದು ಅವನ ಕಿವಿಗೆ ತಾನೇ ಸಿಕ್ಕಿಸಿದಳು. “ಆಸ್ಪತ್ರೆ ಅಲ್ವಾ, ಯಾರೂ ಕೇಳಲ್ಲ. ಊಟಕ್ಕೂ ತೆಗೀಬೇಡಿ.”

ಮದ್ದೂರಿನಲ್ಲಿ ಮಳವಳ್ಳಿ ಕಡೆಯಿಂದ ಬಂದ ಬಸ್ಸು ಹತ್ತಿದ. ಮಾಸ್ಕಿನೊಳಗೆ ಬೆವರು, ಗಾಯದ ಮೇಲೆ ಉರಿ. ಕಂಡಕ್ಟರ್ ಬಂದು “ಎಲ್ಲಿಗ್ರೀ?” ಎಂದ. ಇವನು ಹೇಳಿದ್ದು ಕೇಳಿಸಲಿಲ್ಲ. “ಬಾಯ್ ಬುಟ್ಟು ಹೇಳಿ ಸ್ವಾಮಿ!” ಎಂದು ಗದರಿದ. ಸಿದ್ದೇಶ ಗಾಬರಿಯಲ್ಲಿ ಮಾಸ್ಕ್ ಕೆಳಗೆಳೆದು “ಮಂಡ್ಯ” ಎಂದ.

ಪಕ್ಕದ ಸಾಲಿನಿಂದ ಯಾರೋ “ಅಯ್ಯೋ ಸಿವನೇ” ಎಂದರು. ತಿರುಗಿ ನೋಡಿದರೆ ಪೂರಿಗಾಲಿಯ ದೊಡ್ಡಸಿದ್ದಯ್ಯ, ಅಪ್ಪನ ಜತೆಗೆ ದನ ಕಾಯ್ದು ಬೆಳೆದ ಮನುಷ್ಯ. ಆಗಲೇ ಟವಲ್ಲು ಕಣ್ಣಿಗೆ ಒತ್ತಿಕೊಂಡಿದ್ದ. “ಯಾವಾಗ್ಲಾ ಓಯ್ತು ಜೀವ? ಒಂದ್ ಮಾತು ತಿಳಿಸ್ಬಾರ್ದಾಗಿತ್ತಾ?”

“ಇಲ್ಲ ಕಣ್ ದೊಡ್ಡಪ್ಪ, ಅಪ್ಪ ಚೆನ್ನಾಗವ್ರೆ! ಇದು ಕತ್ತಿ ಜಾರಿ…”

“ಪಾಪ, ಬಾಯಲ್ಲಿ ಅನ್ನಕ್ಕಾಗ್ದೆ ಇಂಗಂತಾನೆ” ಎಂದು ದೊಡ್ಡಸಿದ್ದಯ್ಯ ಪಕ್ಕದವರಿಗೆ ಹೇಳಿ, ಸಿದ್ದೇಶನ ಬೆನ್ನು ಸವರಿ, ಇವನು ಆಣೆ ಪ್ರಮಾಣ ಮಾಡುತ್ತಿರುವಾಗಲೇ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟ. ಬಸ್ಸು ಹೊರಟಾಗ ಅವನ ಕಿವಿಯಲ್ಲಿ ಫೋನಿತ್ತು.

ಮಂಡ್ಯ ತಲುಪುವಷ್ಟರಲ್ಲಿ ಪಟ್ಟಲಮ್ಮನ ಫೋನ್ ಬಂತು. “ಲೇ, ಮೀಸೆಗೆ ಏನ್ಲಾ ಮಾಡ್ಕೊಂಡಿದ್ದೀಯ? ಊರ್ನೋರೆಲ್ಲ ಫೋನ್ ಮಾಡಿ ಅಳ್ತಾವ್ರೆ. ನಾನು ನೀರಿಗೆ ಓಗಿದ್ದೆ, ನಿಮ್ಮಪ್ಪನೇ ಎತ್ತುಬುಟ್ರು. ಕೆಂಪಸಿದ್ದಣ್ಣನ ಮಣ್ಣು ಎಷ್ಟೊತ್ತಿಗೆ ಅಂತ ಅವ್ರನ್ನೇ ಕೇಳವ್ರೆ ಕಣ್ಲಾ!”

ಸಿದ್ದೇಶ ಆಸ್ಪತ್ರೆಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ. ವಾರ್ಡಿನಲ್ಲಿ ಕೆಂಪಸಿದ್ದಯ್ಯ ಮಂಚದ ಅಂಚಿನಲ್ಲಿ ಕೂತಿದ್ದ. ಕಾಲಿಗೆ ಚಪ್ಪಲಿ ಬಂದಿತ್ತು, ತೊಡೆಯ ಮೇಲೆ ಬಟ್ಟೆಯ ಚೀಲ. ಪಟ್ಟಲಮ್ಮ ಚೀಲದ ಒಂದು ಕಿವಿ ಹಿಡಿದು ಎಳೆಯುತ್ತಿದ್ದಳು.

“ತೆಗೀಲಾ ಅದ್ನ” ಎಂದ ಅಪ್ಪ.

ಸಿದ್ದೇಶ ಮಾಸ್ಕ್ ತೆಗೆದ. ಪಟ್ಟಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದ ಸಿದ್ದೇಶ. ಅಪ್ಪ ಬೈಯಲಿಲ್ಲ, ಮುಖ ಮಾತ್ರ ಸುಣ್ಣದ ಹಾಗೆ ಬಿಳಿಚಿಕೊಂಡಿತು.

“ಡಾಕ್ಟ್ರು ನಿಂಗೊಬ್ನಿಗೇ ಏನೋ ಏಳವ್ರೆ. ಬದುಕಲ್ಲ ಅಂದವ್ರೆ. ಅದ್ಕೇ ಮುಂಚೇನೇ ತೆಗುಸ್ಕೊಂಡು ಬಂದಿದ್ದೀಯ. ನಡಿ, ನಾನು ಊರಲ್ಲೇ ಸಾಯ್ತೀನಿ.”

ಸಿದ್ದೇಶನಿಗೆ ತಡೆಯಲಾಗಲಿಲ್ಲ. ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಉಕ್ಕಿ ಬಂತು. “ಯಾರೂ ಏನೂ ಹೇಳಿಲ್ಲ ಕಣಪ್ಪ! ನಂಗೆ ಕತ್ತಿ ಹಿಡಿಯಕ್ ಬರಲ್ಲ, ಅಷ್ಟೇ! ಅವ್ವನ ಫೋನ್ ಬಂತು, ನಿಂಗೇ ಏನೋ ಆಯ್ತು ಅಂತ ಹೆದರಿಬಿಟ್ಟೆ, ಜಾರ್ತು! ನೀನು ಹೀಗೆ ಎದ್ದು ಹೋದ್ರೆ ನಾನು ಏನ್ ಮಾಡ್ಲಿ, ಹೇಳು?” ಅಳು ಬಂತು. ಮೂವತ್ತು ದಾಟಿದ ಗಂಡಸು ವಾರ್ಡಿನ ನಡುವೆ ಗೊಳೋ ಎಂದು ಅತ್ತ.

ಕೆಂಪಸಿದ್ದಯ್ಯ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಒರಟು ಹೆಬ್ಬೆರಳಿನಿಂದ ಮೇಲ್ದುಟಿಯನ್ನು ಆ ತುದಿಯಿಂದ ಈ ತುದಿಗೆ ಸವರಿದ. ಕೊಯ್ದ ಗೀರುಗಳು, ಅಲ್ಲಲ್ಲಿ ಬಿಟ್ಟುಹೋದ ಕೂದಲು, ಮೂಗಿನ ಕೆಳಗೆ ಹೆಪ್ಪುಗಟ್ಟಿದ ರಕ್ತ.

“ಕ್ಷೌರದೋರು ಮಾಡಿದ್ದಲ್ಲ ಇದು” ಎಂದ. “ಯಾರ್ಲಾ ಕಲಿಸಿದ್ದು ನಿಂಗೆ?”

“ಫೋನಲ್ಲಿ ನೋಡ್ದೆ.”

ಮುದುಕ ತಲೆ ತಗ್ಗಿಸಿ ಮೆಲ್ಲಗೆ, “ನಂಗೆ ಬಾಳ ಎದ್ರಿಕೆ ಆಯ್ತದೆ ಕಣ್ಲಾ” ಎಂದ. ಇಷ್ಟು ವರ್ಷದಲ್ಲಿ ಸಿದ್ದೇಶ ಈ ಮಾತನ್ನು ಅಪ್ಪನ ಬಾಯಲ್ಲಿ ಕೇಳಿದ್ದೇ ಇಲ್ಲ.

“ನಂಗೂ ಕಣಪ್ಪ” ಎಂದ.

ಅಷ್ಟರಲ್ಲಿ ವಾರ್ಡಿನ ಕ್ಷೌರಿಕ ಟ್ರೇ ಹಿಡಿದು ಬಂದ. ನಾಳೆ ಕುಯ್ಯುವ ಜಾಗದ ಕೂದಲು ತೆಗೆಯಬೇಕು, ಆಪರೇಷನ್ ಉಂಟೋ ಇಲ್ಲವೋ ಈಗಲೇ ಹೇಳಿ, ಮುಂದಿನ ಮಂಚಕ್ಕೆ ಹೋಗಬೇಕು ಎಂದ. ಕೆಂಪಸಿದ್ದಯ್ಯ ಕ್ಷೌರಿಕನ ಟ್ರೇಯನ್ನೂ, ಬಾಗಿಲನ್ನೂ, ಮಗನ ಬೋಳು ತುಟಿಯನ್ನೂ ನೋಡಿದ. ಕೊನೆಗೆ ಒಂದೊಂದೇ ಚಪ್ಪಲಿ ಬಿಟ್ಟು ಮಂಚದ ಮೇಲೆ ಕಾಲೆಳೆದುಕೊಂಡ. ಪರದೆ ಎಳೆದು ಹೊಟ್ಟೆಯ ಕೆಲಸ ಮುಗಿಸಿದ್ದಾಯಿತು. ಕ್ಷೌರಿಕ ಟ್ರೇ ಎತ್ತುವಷ್ಟರಲ್ಲಿ ಮುದುಕ ಅವನ ಕೈ ಹಿಡಿದ.

“ಹೊಸಾ ಬ್ಲೇಡ್ ಆಕಪ್ಪ. ಈ ಮೀಸೆನೂ ಓಗ್ಲಿ.”

“ನಿಮ್ಗೇನ್ ಬಂತು ದೊಡ್ಡರೋಗ?” ಎಂದು ಪಟ್ಟಲಮ್ಮ ಕೂಗಿಕೊಂಡಳು.

“ನೀನ್ ಸುಮ್ನಿರಮ್ಮಿ. ಸಂಜೆಗೆ ಊರೇ ಬತ್ತದೆ ನನ್ ಎಣ ನೋಡಕ್ಕೆ. ಇವ್ನೊಬ್ಬನಿಗೆ ಮೀಸೆ ಇಲ್ದಿದ್ರೆ ನಾನ್ ಸತ್ತೆ ಅಂತಾರೆ. ಇಬ್ರಿಗೂ ಇಲ್ದಿದ್ರೆ ಏನಂತಾರೆ? ಅಪ್ಪ ಮಗ ಇಬ್ರಿಗೂ ಸೋಕಿ ಬಂದದೆ ಅಂತಾರೆ, ಅನ್ಕೊಳ್ಲಿ ಬುಡು.” ಎಂದವನು ಮಗನ ಕಡೆ ತಿರುಗಿದ. “ಕತ್ತಿ ಇಸ್ಕೊಳ್ಲಾ. ನೀನೇ ತೆಗಿ.”

ಸಿದ್ದೇಶ ಒಂದು ಹೆಜ್ಜೆ ಹಿಂದೆ ಸರಿದ. “ಬೇಡ ಕಣಪ್ಪ. ಕೈ ನಡುಗ್ತಾ ಅದೆ, ನೋಡು.”

“ನಡುಗ್ಲಿ. ನಿನ್ ಕೈಗೆ ಮುಖ ಕೊಟ್ಟು ಬದುಕುಳಿದ್ರೆ, ನಾಳೆ ಆ ಡಾಕ್ಟ್ರು ನಂಗ್ ಯಾವ ಲೆಕ್ಕ?”

ಕ್ಷೌರಿಕ ಅರೆಮನಸ್ಸಿನಿಂದ ಬ್ಲೇಡ್ ಬದಲಿಸಿ ಕತ್ತಿಯನ್ನು ಕೊಟ್ಟ. ಸಿದ್ದೇಶ ನೊರೆ ಹಚ್ಚಿದ. ಎಡಗೈಯಿಂದ ಅಪ್ಪನ ಕೆನ್ನೆಯ ಸಡಿಲ ಚರ್ಮವನ್ನು ಎಳೆದು ಹಿಡಿದ, ಕತ್ತಿಯನ್ನು ಸರಿಯಾಗಿ ಮಲಗಿಸಿ ನೋಡಿದ, ಮತ್ತೆ ಎತ್ತಿದ, ಮತ್ತೆ ನೋಡಿದ. ಪಕ್ಕದ ಮಂಚದವರೂ ಎದ್ದು ಕೂತರು. ಕೆಂಪಸಿದ್ದಯ್ಯ ಕಣ್ಣು ಗಟ್ಟಿಯಾಗಿ ಮುಚ್ಚಿ, ಮಗನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

“ಆಯ್ತೇನ್ಲಾ?” ಎಂದ ಅಪ್ಪ.

“ಇನ್ನೂ ಸುರು ಮಾಡಿಲ್ಲ ಕಣಪ್ಪ” ಎಂದ ಸಿದ್ದೇಶ.