ಯಾವ ಗುರುತು ಕೀಳಬೇಕು?

ಮಳೆಗಾಲ ಬಂತೆಂದರೆ ಘಟಪ್ರಭಾ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ, ಆ ನೀರು ಕುಡಿಯಲು ಬರೋದಿಲ್ಲ. ಗೋಕಾಕದ ಕಡೆಯ ಒಂದು ಊರಿನಲ್ಲಿ ಆಗ ಎಲ್ಲರಿಗೂ ಇದ್ದದ್ದು ಒಂದೇ ಬಾವಿ. ಎಲ್ಲರಿಗೂ ಅಂದೆ, ತಪ್ಪಾಯಿತು. ಬಾವಿಯಿಂದ ಹತ್ತು ಮಾರು ಈಚೆಗೆ ಒಂದು ಕಲ್ಲು ನೆಟ್ಟಿದ್ದರು. ಕೆಳಗಿನ ಕೇರಿಯವರನ್ನು ಊರು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಅವರು ಆ ಕಲ್ಲಿನ ತನಕ ಬಂದು, ಕೊಡ ಇಟ್ಟು, ಯಾರಾದರೂ ನೀರು ಹಾಕಲಿ ಎಂದು ಕಾಯಬೇಕಿತ್ತು.

ಸರಪಂಚ ಮುರಿಗೆಪ್ಪನ ಕಣ್ಣಿಗೆ ಆ ಕಲ್ಲು ಬಿದ್ದೇ ಇರಲಿಲ್ಲ. ಹುಟ್ಟಿದಾಗಿನಿಂದ ಅಲ್ಲೇ ಇದ್ದದ್ದು, ಇದ್ದೂ ಇಲ್ಲದ ಹಾಗೆ. ಹಾಗಂತ ಅವನು ಕೆಟ್ಟವನಲ್ಲ. ನಲವತ್ತೆರಡರ ಚಳವಳಿಯಲ್ಲಿ ಟೆಲಿಗ್ರಾಫಿನ ತಂತಿ ಕಡಿದು ಒಂದೂವರೆ ವರ್ಷ ಜೇಲಿನಲ್ಲಿದ್ದು ಬಂದವನು. ಇಂಗ್ಲಿಷರ ಹೆಸರೆತ್ತಿದರೆ ಆಗಲೂ ಅವನ ಮೈ ಉರಿಯುತ್ತಿತ್ತು.

೧೯೫೫ರ ಆಗಸ್ಟ್ ತಿಂಗಳು. ಪಂಚಾಯ್ತಿಯಲ್ಲಿ ಅವನು ಠರಾವು ಮಾಡಿಸಿದ.

"ಹದಿನೈದನೇ ತಾರೀಖಿನೊಳಗ ಊರಾಗ ಇಂಗ್ಲಿಷರ ಒಂದ ಗುರುತೂ ಇರಬಾರದು."

ಚಾವಡಿಯ ಗೋಡೆಯಿಂದ ರಾಜನ ಪಟ ಇಳಿಯಿತು. ಧರ್ಮಶಾಲೆಯ ಬಾಗಿಲ ಮೇಲಿದ್ದ ಕಿರೀಟವನ್ನು ಕಲ್ಲುಕುಟಿಗ ಕೆತ್ತಿ ತೆಗೆದ. ಆಗ ಕಿರಾಣಿ ಅಂಗಡಿಯ ವೀರಪ್ಪ ಮೆಲ್ಲಗೆ ಹೇಳಿದ:

"ಇನ್ನೊಂದು ಉಳದೈತಿ. ಕೆಳಗಿನ ಕೇರಿ ಕರೆವ್ವನ ಟ್ರಂಕಿನಾಗ ಇಂಗ್ಲಿಷರ ಬಾವುಟ ಐತಂತ."

ಮುರಿಗೆಪ್ಪ ಅಲ್ಲಿಂದ ಎದ್ದವನೇ ಸೀದಾ ಕೆಳಗಿನ ಕೇರಿಗೆ ನಡೆದ.

ಕರೆವ್ವನ ಕಟ್ಟೆಯ ಮೇಲೆ ನರ್ಸಬಾಯಿ ಸುಂದ್ರವ್ವ ಕುಳಿತು ಕೂಸುಗಳಿಗೆ ಸಿಡುಬಿನ ಚುಚ್ಚು ಹಾಕುತ್ತಿದ್ದಳು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುವವಳು, ನಾಲ್ಕು ಊರು ತಿರುಗಿದವಳು, ಪೇಪರು ಓದುವವಳು. ಸರಪಂಚ ಕೇರಿಗೆ ಬಂದದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು.

"ಕರೆವ್ವ, ಆ ಬಾವುಟ ತಗಿ. ಸುಡಬೇಕು ಅದನ್ನ," ಅಂದ ಮುರಿಗೆಪ್ಪ.

ಕರೆವ್ವ ಒಳಗೆ ಹೋಗಿ ತಗಡಿನ ಟ್ರಂಕು ತಂದು ಅವನ ಮುಂದೆ ತೆರೆದಳು. ಅಂಗೈಯಗಲಕ್ಕೆ ಸುತ್ತಿಟ್ಟ ಬಾವುಟ. ಬಿಚ್ಚಿದರೆ ಒಳಗೊಂದು ಪದಕ, ಮಡಿಚಿದ ಕಾಗದ. ಕಾಗದದಲ್ಲಿ ಅವಳ ಮಗ ಲಗಮಪ್ಪನ ಹೆಸರಿತ್ತು. ಯುದ್ಧದ ಹೊತ್ತಿನಲ್ಲಿ ಇಂಗ್ಲಿಷರ ದಂಡಿನ ಕೆಲಸಕ್ಕೆ ಸೇರಿ, ಬರ್ಮಾದ ಕಾಡಿನಲ್ಲಿ ಸತ್ತ ಹುಡುಗ. ಬೆಳಗಾವಿಯಿಂದ ಬಂದ ಸಾಹೇಬ ಪದಕವನ್ನು ಹೀಗೇ ಸುತ್ತಿ ಅವಳ ಕೈಗೆ ಕೊಟ್ಟು ಹೋಗಿದ್ದ.

"ಹೊಟ್ಟಿಪಾಡಿಗೆ ಹೋಗಿದ್ದರಿ ಅವ. ಮಣ್ಣು ಹಾಕಾಕೂ ಹೆಣ ಸಿಗಲಿಲ್ಲ," ಅಂದಳು ಕರೆವ್ವ. "ಒಯ್ಯೂದಿದ್ರ ಒಯ್ರಿ. ಆದ್ರ ಒಂದ ಮಾತು. ಇದನ್ನ ನಾ ಯಾವತ್ತೂ ಹಾರಿಸಿಲ್ಲ. ಟ್ರಂಕಿನಾಗಿದ್ದ ಬಾವುಟ ಯಾರ ದಾರೀನೂ ಕಟ್ಟಿಲ್ಲರಿ. ಬಾವಿ ಹಂತೇಲಿ ನೀವು ನಿಲ್ಲಿಸಿದ ಕಲ್ಲು ದಿನಾ ನನ್ನ ದಾರಿ ಕಟ್ಟತೈತಿ."

ಮುರಿಗೆಪ್ಪ ಸಿಡುಕಿದ. "ಅದಕ್ಕೂ ಇದಕ್ಕೂ ಏನ ಸಂಬಂಧ? ಅದು ಬರೇ ಕಲ್ಲು. ಅದರ ಮ್ಯಾಲ ಒಂದಕ್ಷರ ಸೈತ ಇಲ್ಲ."

ಸುಂದ್ರವ್ವ ಕೈ ಒರೆಸಿಕೊಂಡು ಎದ್ದಳು. "ಅಕ್ಷರ ಇಲ್ಲ ಖರೆ, ಸರಪಂಚರ. ಆದ್ರೂ ಸಾಲಿ ಕಲೀದವರು ಸೈತ ಅದನ್ನ ಓದ್ತಾರ. 'ನೀ ಕೀಳು, ಅಲ್ಲೇ ನಿಲ್ಲು' ಅಂತ ಹೇಳತೈತಿ ಅದು."

"ಹಂಗಾರ ಯಾವ ಹಳೇ ಗುರುತು ತಗೀಬೇಕು, ಯಾವದು ಬಿಡಬೇಕು? ಎಲ್ಲಾ ತಗದ ಬಿಟ್ರ ಮುಗೀತಲ್ಲ?"

"ಎಲ್ಲಾ ಸುಟ್ಟರ ಈ ತಾಯಿ ಹಂತೇಲಿ ಮಗನ ನೆನಪಿಗೆ ಏನ ಉಳೀತೈತಿ? ಎಲ್ಲಾ ಬಿಟ್ಟರ ಈ ಕೂಸುಗಳೂ ನಾಳೆ ಅದ ಕಲ್ಲಿನ ಹಂತೇಲಿ ನಿಲ್ಲಬೇಕು. ಯಾವ ಗುರುತು ಇವತ್ತಿಗೂ ಯಾರನ್ನ ತುಳಿಯಾಕತ್ತೈತಿ ಅನ್ನೂದು ನೋಡ್ರಿ. ಮತ್ತ ಇನ್ನೊಂದು ಕೇಳ್ರಿ. ಈ ಜೂನದಿಂದ ದಿಲ್ಲಿ ಸರಕಾರದ ಹೊಸ ಕಾಯ್ದೆ ಬಂದೈತಿ. ಊರ ಬಾವಿಗೆ ಬರಬ್ಯಾಡ ಅಂತ ಯಾರನ್ನ ತಡದರೂ ಆರು ತಿಂಗಳ ತನಕ ಜೇಲು."

ಜೇಲು ಅಂದ ಕೂಡಲೇ ಮುರಿಗೆಪ್ಪ ತಲೆ ಎತ್ತಿದ. ದೇಶಕ್ಕಾಗಿ ಜೇಲು ಕಂಡವನು ಅವನು. ಒಂದು ಕಲ್ಲಿಗಾಗಿ ಕಾಣಬೇಕೇ? ಬಾವುಟ ಮುಟ್ಟದೆ ಮನೆಗೆ ಬಂದ.

ಊಟಕ್ಕೆ ಕುಳಿತವನು ರೊಟ್ಟಿ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟ. ಹೆಂಡತಿ ಗೌರವ್ವ ಕಾರಣ ಕೇಳಿದಳು. ಅವನು ಎಲ್ಲ ಹೇಳಿದ. ಅವಳು ರೊಟ್ಟಿಯ ಬುಟ್ಟಿ ಬದಿಗಿಟ್ಟು ಅವನ ಎದುರಿಗೆ ಕುಳಿತಳು.

"ನೀವು ಜೇಲಿನಿಂದ ಬಂದ ಮರುವರ್ಷ ಲಗಮಪ್ಪ ಸತ್ತ ಸುದ್ದಿ ಬಂತು," ಅಂದಳು. "ಅವತ್ತೂ ಕರೆವ್ವ ಕೊಡ ತಂದು ಕಲ್ಲಿನ ಹಂತೇಲಿ ನಿಂತಿದ್ಳು. ಅಳಾಕತ್ತಿದ್ಳು. ನಾ ಕೊಡಕ್ಕ ತಾಕದಂಗ ಮ್ಯಾಲಿಂದ ನೀರು ಸುರದು ಬಂದೆ. 'ಅಳಬ್ಯಾಡವಾ' ಅಂತ ಒಂದ ಮಾತು ಅನ್ನಾಕೂ ಆಗಲಿಲ್ಲ ನನಗ."

ಅವತ್ತು ಮುರಿಗೆಪ್ಪನಿಗೆ ಆ ಕಲ್ಲು ಮೊದಲ ಸಲ ಕಂಡಿತು.

ಮರುದಿನ ಪಂಚಾಯ್ತಿ ಕೂಡಿತು. ಕಲ್ಲು ಕೀಳುವ ಮಾತು ಬಂದದ್ದೇ ವೀರಪ್ಪ ಸಿಟ್ಟಿಗೆದ್ದ. "ಹಿರ್ಯಾರು ನಟ್ಟ ಕಲ್ಲು ಅದು. ಇಂಗ್ಲಿಷರದು ಬಿಟ್ಟು ನಮ್ಮದಕ್ಕ ಕೈ ಹಾಕ್ತೀರೇನು?"

"ಇಂಗ್ಲಿಷರು ಹ್ವಾದ್ರು ವೀರಪ್ಪ. ಇದು ನಾವು ಮಾಡಿದ್ದು. ನಾವೇ ತಗೀಬೇಕು," ಅಂದ ಮುರಿಗೆಪ್ಪ. "ಅಣ್ಣ ಬಸವಣ್ಣನ ಹೆಸರು ಹೇಳವರು ನಾವು. ಬಾವಿ ಹಂತೇಕ ಬಂದಾಗ ಆ ಹೆಸರು ಮರತ ಬಿಡೂದೇನು?"

ಕೊನೆಗೆ ಕೀಳುವುದೆಂದು ಠರಾವಾಯಿತು. ಕಿತ್ತ ಕಲ್ಲನ್ನು ಒಬ್ಬ ಒಡೆದು ಪುಡಿ ಮಾಡೋಣ ಅಂದ, ಇನ್ನೊಬ್ಬ ಹೊಳೆಗೆ ಹಾಕೋಣ ಅಂದ. ಮುರಿಗೆಪ್ಪ ಕೇರಿಯವರನ್ನೇ ಕೇಳೋಣ ಎಂದು ಕರೆಸಿದ. ಚಾವಡಿಯ ಕಟ್ಟೆಯ ಕೆಳಗೆ ಬಂದು ನಿಂತ ಕರೆವ್ವನಿಗೆ, "ಮ್ಯಾಲ ಬರ್ರಿ, ಯವ್ವಾ," ಅಂದ. ಆ 'ರಿ' ಕೇಳಿ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು; ಕೇರಿಯವರಿಗೆ ಊರು ಯಾವತ್ತೂ 'ರಿ' ಹಚ್ಚಿ ಮಾತಾಡಿದ್ದಿಲ್ಲ.

ಕರೆವ್ವ ಹೇಳಿದಳು: "ಒಡೀಬ್ಯಾಡ್ರಿ. ಒಡದ್ರ ನಾಳೆ ನಿಮ್ಮ ಮೊಮ್ಮಕ್ಕಳು 'ಇಲ್ಲಿ ಏನೂ ಇರಲಿಲ್ಲ' ಅಂತಾರ. ಸಾಲಿ ಅಂಗಳದಾಗ ಮಲಗಿಸಿ ಇಡ್ರಿ. ಇದೇನು ಅಂತ ಮಾಸ್ತರು ಹುಡುಗರಿಗೆ ಹೇಳಲಿ. ಆದ್ರ ಅದು ಇನ್ನ ಎಲ್ಲೂ ಎದ್ದು ನಿಲ್ಲಬಾರದು."

ಹಾರೆ ಹಿಡಿದು ಆರು ಜನ ಕಲ್ಲು ಕಿತ್ತರು. ಅವರಲ್ಲಿ ಮೂವರು ಊರವರು, ಮೂವರು ಕೇರಿಯವರು. ವೀರಪ್ಪನ ಮನೆಯವರು ಎರಡು ತಿಂಗಳು ಆ ಬಾವಿಗೆ ಬರಲಿಲ್ಲ. ಗಾಡಿ ಕಟ್ಟಿ ಬೇರೆ ಕಡೆಯಿಂದ ನೀರು ತಂದರು. ಆಮೇಲೆ ಸಾಕಾಗಿ ಅವರೂ ಬಂದರು. ಬಾವಿಯ ನೀರು ಅದೇ ಇತ್ತು, ರುಚಿಯೂ ಅದೇ.

ಅದು ಆಮೇಲಿನ ಮಾತು; ಆ ಆಗಸ್ಟ್ ಹದಿನೈದನೇ ತಾರೀಖು ಸಾಲಿಯಲ್ಲಿ ತ್ರಿವರ್ಣದ ಝೇಂಡಾ ಏರಿತು. ದೇಶದ ಸಲುವಾಗಿ ಜೇಲು ಕಂಡವರ ಹೆಸರು ಓದಿದ ಮೇಲೆ ಮುರಿಗೆಪ್ಪ ಚೀಟಿಯಲ್ಲಿಲ್ಲದ ಹೆಸರೊಂದನ್ನು ಸೇರಿಸಿದ. "ನಮ್ಮೂರ ಮಗಾ ಲಗಮಪ್ಪ. ಬರ್ಮಾದಾಗ ಸತ್ತಾನ." ಕರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಂದ ಅವಳು ಸೀದಾ ಬಾವಿಗೆ ಹೋದಳು. ಅರವತ್ತು ವರ್ಷ ಆ ನೀರು ಕುಡಿದವಳು ಬಾವಿಯೊಳಗೆ ಇಣುಕಿ ನೋಡಿದ್ದು ಅವತ್ತೇ ಮೊದಲು. ಗಾಲಿಯ ಹಗ್ಗ ಸೇದಲು ಬಾರದೆ ಕೈ ಜಾರಿತು. ಪಕ್ಕದಲ್ಲಿ ನಿಂತ ಗೌರವ್ವ ಹಗ್ಗಕ್ಕೆ ತನ್ನ ಕೈಯನ್ನೂ ಹಾಕಿದಳು.

"ನಿಧಾನ, ಕರೆವ್ವಕ್ಕ. ಇಬ್ಬರೂ ಕೂಡಿ ಜಗ್ಗೂಣು."

ಕೊಡ ತುಂಬಿ ಮೇಲೆ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಊರು ನೋಡಿ. ಬಾವಿ, ಗುಡಿ, ಚಹಾದ ಅಂಗಡಿ, ಸಾಲಿ, ಎಲ್ಲ ಕಡೆ. ಒಬ್ಬರನ್ನು ಕೀಳು ಅನ್ನುವ ಕಲ್ಲು, ಫಲಕ, ಕೆಲವರಿಗೆಂದು ಬೇರೆ ಇಟ್ಟ ಚಹಾದ ಕಪ್ಪು ಎಲ್ಲಿದ್ದರೂ ಇವತ್ತೇ ತೆಗೆಯಿರಿ. ಕಾಯ್ದೆ ನಿಮ್ಮ ಬೆನ್ನಿಗಿದೆ. ಆದರೆ ಸತ್ತ ಮಗನ ನೆನಪಿಗೆ ಕಾದಿಟ್ಟುಕೊಂಡವರ ಟ್ರಂಕಿಗೆ ಕೈ ಹಾಕಬೇಡಿ. ಹಿಂದೆ ಆದದ್ದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಿ. ಯಾವುದು ನೋಯಿಸುತ್ತದೆ ಅಂತ ಗೊತ್ತಾಗದಿದ್ದರೆ, ನೊಂದವರನ್ನೇ ಕರೆದು, ಕೂರಿಸಿ, ಕೇಳಿ.