ಮೇಲಿನ ಮಹಡಿಗೆ ಕೇಳಿಸದ ಗಂಟೆ

ಅಡುಗೆಮನೆಯಲ್ಲಿ ಎಣ್ಣೆ ಸ್ವಲ್ಪ ಹೊಗೆಯಾಡಿದರೆ ಸಾಕು, ಆ ಹಾಸ್ಟೆಲಿನ ಫೈರ್ ಅಲಾರಂ ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳು ಬಾಚಣಿಗೆ ಹಿಡಿದುಕೊಂಡೇ ಓಡಿಬರುವುದು, ಏನೂ ಇಲ್ಲವೆಂದು ಗೊಣಗುತ್ತಾ ವಾಪಸಾಗುವುದು. ಹಾಸ್ಟೆಲ್ ನಡೆಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕನಿಗೂ ರೋಸಿಹೋಗಿತ್ತು. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, "ಇದರ ಬಾಯಿ ಸ್ವಲ್ಪ ಮುಚ್ಚಿಸಪ್ಪಾ" ಅಂದಳು. ಅವನೇನು ಮಾಡಿದನೋ, ಗಲಾಟೆ ತಗ್ಗಿತು. ಅಕ್ಕ ಮತ್ತೆ ಅದರ ಗೋಜಿಗೆ ಹೋಗಲಿಲ್ಲ.

ಆಕೆಯ ಒಡಹುಟ್ಟಿದ ತಂಗಿಗೆ ಕಟ್ಟಡಗಳ ಅಲಾರಂ ಪರೀಕ್ಷಿಸುವ ಕೆಲಸ. ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಗಿಲ ಪಕ್ಕದ ಅಲಾರಂ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು. ಅದರಲ್ಲಿ ಹಳದಿ ದೀಪ ಮಿಣುಕುತ್ತಿತ್ತು.

"ಅಕ್ಕಾ, ಇದು ಯಾವಾಗಿಂದ ಹೀಗಿದೆ?"

"ಅಯ್ಯೋ, ಅದು ಇರೋದೇ ಹಾಗೆ. ದೀಪ ಉರೀತಿದೆ ಅಂದ್ರೆ ಚೆನ್ನಾಗಿದೆ ಅಂತ ತಾನೇ?"

"ಇಲ್ಲಕ್ಕ. ಹಳದಿ ದೀಪ ಅಂದ್ರೆ ಎಲ್ಲೋ ಕೆಟ್ಟಿದೆ ಅಂತ."

"ಬಂದ ತಕ್ಷಣ ಶುರು ಮಾಡ್ಬೇಡ ತಾಯಿ. ಮೊನ್ನೆ ಕೂಡ ಬಡ್ಕೊಂತು. ಇಡೀ ಬೀದಿಗೇ ಕೇಳಿಸ್ತು."

"ಬೀದಿಗೆ ಕೇಳಿಸ್ತು ಸರಿ. ಮೇಲಿನ ಮಹಡಿಗೆ?"

ಅಕ್ಕನಿಗೆ ರೇಗಿತು. "ನಾನೇ ಮೇಲೆ ಹೋಗಿ ನಿಂತ್ಕೋತೀನಿ. ನೀನು ಗಂಟೆ ಬಾರಿಸು. ಆಮೇಲಾದ್ರೂ ಸುಮ್ನೆ ಕೂತು ಟೀ ಕುಡಿ."

ತಂಗಿ ಕೆಳಗಿದ್ದವರಿಗೆಲ್ಲ ಇದು ಬರೀ ಪರೀಕ್ಷೆ, ಗಂಟೆ ಕೇಳಿದರೆ ಮೆಟ್ಟಿಲಿಳಿದು ಹೊರಗೆ ಬನ್ನಿ ಎಂದು ಹೇಳಿದಳು. ಅಕ್ಕ ಏದುಸಿರು ಬಿಡುತ್ತಾ ಮೇಲೆ ಹತ್ತಿದಳು. ಕೊನೆಯ ಕೋಣೆಯಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಹುಡುಗಿ ಹೊದಿಕೆಯನ್ನು ತಲೆತನಕ ಎಳೆದುಕೊಂಡು ಮಲಗಿದ್ದಳು. ಪಾಪ, ಗಂಟೆಯೇ ಎಬ್ಬಿಸುತ್ತದಲ್ಲ ಎಂದುಕೊಂಡು ಅಕ್ಕ ಬಾಗಿಲು ಮುಚ್ಚಿ ಒಳಗೇ ಕಾದಳು.

ಫ್ಯಾನು ತಿರುಗುತ್ತಿತ್ತು. ಹುಡುಗಿ ಮಗ್ಗುಲು ಬದಲಿಸಿದಳು. ಮತ್ತೇನೂ ಸದ್ದಿಲ್ಲ. "ಇವಳಿಗೆ ಗುಂಡಿ ಒತ್ತೋಕೆ ಮುಹೂರ್ತ ಬೇಕೇನೋ" ಎಂದು ಬೈದುಕೊಳ್ಳುತ್ತಾ ಅಕ್ಕ ಕಿಟಕಿ ತೆರೆದು ಕೆಳಗೆ ಬಗ್ಗಿದಳು.

ಬೀದಿಯಲ್ಲಿ ಎಲ್ಲರೂ ನಿಂತಿದ್ದರು. ಅಡುಗೆಯವಳು ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಒಬ್ಬಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರ ಮುಖವೂ ಮೇಲಕ್ಕೆ, ಅವಳತ್ತಲೇ ತಿರುಗಿತ್ತು.

"ಅಕ್ಕಾ!" ತಂಗಿ ಕೂಗಿದಳು. "ಆವಾಗಿಂದ ಬಡೀತಾನೇ ಇದೆ!"

ಕಿವಿಗೊಟ್ಟರೆ ಈಗ, ಕಿಟಕಿಯ ಆಚೆಯಿಂದ, ಎಲ್ಲೋ ಆಳದಲ್ಲಿ ಗಂಟೆಯ ಸಣ್ಣ ಸದ್ದು. ಅಕ್ಕ ಹಿಂದಿರುಗಿ ನೋಡಿದಳು. ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯ ಮೇಲೆ ಅಕ್ಕನ ಕಣ್ಣು ನೆಟ್ಟಿತು. ಅಲ್ಲಿಂದ ಹೊಗೆ ನುಸುಳಿ ಬರುತ್ತಿದ್ದರೆ?

"ಏಳು ಮಗು, ಏಳು." ಭುಜ ಹಿಡಿದು ಅಲ್ಲಾಡಿಸಿದಳು.

"ಏನಾಯ್ತಕ್ಕಾ?"

ಅಕ್ಕ ಅವಳ ಕೈ ಹಿಡಿದುಕೊಂಡು ಮೆಟ್ಟಿಲಿನತ್ತ ನಡೆದಳು.

ತಂಗಿ ಒಂದೊಂದನ್ನೇ ಬಿಚ್ಚಿ ನೋಡಿದಳು. ಎಲೆಕ್ಟ್ರಿಷಿಯನ್ ಮೇಲಿನ ಗಂಟೆಯ ತಂತಿಯನ್ನೇ ಕತ್ತರಿಸಿದ್ದ. ಕರೆಂಟು ಹೋದಾಗ ಕೆಲಸ ಮಾಡಬೇಕಾದ ಬ್ಯಾಟರಿ ಸತ್ತಿತ್ತು. ಹೊಗೆ ಪತ್ತೆಹಚ್ಚುವ ಡಿಟೆಕ್ಟರನ್ನು ಒಲೆಗೆ ತೀರಾ ಹತ್ತಿರ ಹಾಕಿದ್ದರು, ಅದರ ತುಂಬ ಎಣ್ಣೆ ಜಿಡ್ಡು, ಧೂಳು.

"ಸುಮ್ಸುಮ್ನೆ ಬಡ್ಕೊಂಡ್ರೆ ಯಾಕೆ ಅಂತ ನೋಡಿಸ್ಬೇಕಕ್ಕ. ಕುತ್ತಿಗೆ ಹಿಸುಕೋದಲ್ಲ."

"ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಆದ್ರೆ ಮೊದ್ಲು ಸರಿ ಮಾಡು."

ಕೆಲಸ ಮುಗಿಯುವವರೆಗೆ ಅಕ್ಕ ಮೇಲೆ ಯಾರನ್ನೂ ಮಲಗಿಸಲಿಲ್ಲ. ನರ್ಸ್ ಹುಡುಗಿಗೆ ತನ್ನ ಮಂಚವನ್ನೇ ಬಿಟ್ಟುಕೊಟ್ಟಳು. ಎಲ್ಲ ಸರಿಯಾದ ಮೇಲೆ ಮತ್ತೆ ತಾನೇ ಹತ್ತಿಹೋಗಿ, ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ನಿಂತಳು. ಗಂಟೆ ತಲೆಯ ಮೇಲೇ ಸಿಡಿಲಿನಂತೆ ಬಡಿಯಿತು. ಗೊತ್ತಿದ್ದೂ ಬೆಚ್ಚಿಬಿದ್ದಳು. ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿಯುವಾಗ ಆಕೆಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಈಗ ಅಲ್ಲಿ ಪ್ರತಿ ತಿಂಗಳೂ ಎಲ್ಲರಿಗೂ ಮೊದಲೇ ತಿಳಿಸಿ ಗಂಟೆ ಬಾರಿಸಿ ನೋಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಕೆಲಸ ಬಲ್ಲವರಿಂದ ಪೂರ್ತಿ ಪರೀಕ್ಷೆ ಮಾಡಿಸುತ್ತಾರೆ.

ನೀವಿರುವ ಕಟ್ಟಡದಲ್ಲಿ ಹೇಗಿದೆ? ಡಿಟೆಕ್ಟರಿಗೆ ಪ್ಲಾಸ್ಟಿಕ್ ಸುತ್ತಬೇಡಿ, ತಂತಿ ಕೀಳಿಸಬೇಡಿ. ಹಳದಿ ದೀಪ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಎಲ್ಲಕ್ಕಿಂತ ದೂರದ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಗಂಟೆ ಬಾರಿಸಲು ಹೇಳಿ. ಅಲ್ಲಿ ಮಲಗಿದವರಿಗೆ ಎಚ್ಚರವಾಗುವಷ್ಟು ಜೋರಾಗಿ ಕೇಳಿಸದಿದ್ದರೆ ಇವತ್ತೇ ಸರಿ ಮಾಡಿಸಿ. ಬೆಂಕಿ ನಿಮಗಾಗಿ ಕಾಯುವುದಿಲ್ಲ.